ಮುಚ್ಚಿದ ಬಾಗಿಲ ಗಾಳಿ

ಟೋಪಿಯ ಪಟ್ಟಿ ಬಿಚ್ಚಿಹೋಗಿತ್ತು. ಹೊಲಿಯೋಣವೆಂದು ಇನ್ಸ್‌ಪೆಕ್ಟರ್ ಮೇಜಿನ ಡ್ರಾಯರ್ ಎಳೆದು, ಹಳೆಯ ಲಕೋಟೆಯೊಂದಕ್ಕೆ ಚುಚ್ಚಿಟ್ಟಿದ್ದ ಸೂಜಿ ಕಿತ್ತುಕೊಂಡಳು. ದಾರದ ತುದಿ ಎಂಜಲು ಮಾಡಿ ಪೋಣಿಸುವಷ್ಟರಲ್ಲಿ ಬಾಗಿಲಲ್ಲಿ ಹೆಂಗಸೊಬ್ಬಳು ಬಂದು ನಿಂತಳು. ಸೊಂಟದ ಮೇಲೆ, ಕೊಡ ಹೊತ್ತವಳ ಹಾಗೆ, ನೀರಿಗಿಳಿಯುವವರು ಉಸಿರಾಡಲು ಬೆನ್ನಿಗೆ ಕಟ್ಟುವ ಹಳದಿ ಬಣ್ಣದ ಸ್ಕೂಬಾ ಸಿಲಿಂಡರ್.

"ಏನಮ್ಮಾ ಅದು? ಕೆಳಗಿಡು."

"ಇಡ್ತೀನಿ. ಆದ್ರೆ ಯಾರೂ ತಿರುಪು ಮುಟ್ಟಬಾರ್ದು. ನನ್ನ ಗಂಡ ಇದನ್ನ ಬೆನ್ನಿಗೆ ಹಾಕ್ಕೊಂಡೇ ಹೋದ್ರು. ಅರ್ಧ ಗಾಳಿ ಇನ್ನೂ ಒಳಗಿದೆ. ನಾನೇ ಬಂದ್ ಮಾಡಿದೀನಿ."

ಹಿಂದಿನ ದಿನ ಬಂದರಿನಲ್ಲಿ ಹಡಗಿನ ತಳಕ್ಕೆ ಅಂಟಿದ ಚಿಪ್ಪು ಕೆರೆಯಲು ಇಳಿದ ಮುಳುಗುಗಾರ ಹೆಣವಾಗಿ ಮೇಲೆ ಬಂದಿದ್ದ. ಅವನ ಹೆಂಡತಿ ಇವಳು.

"ಕುಡಿದು ಇಳಿದಿದ್ದ ಅಂತ ಇಡೀ ಬಂದರೇ ಹೇಳ್ತಿದೆಯಲ್ಲಮ್ಮ," ಎಂದ ಹೆಡ್ ಕಾನ್‌ಸ್ಟೆಬಲ್. ಠಾಣೆಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಮೀಸೆ ಎಂದೇ.

"ಕೆಮ್ಮಿನ ಔಷಧಿ ಕುಡಿಯೋಕೂ ಮುಖ ಹಿಂಡೋರು ಅವರು!" ಅವಳು ಚೀಲದಿಂದ ಅಂಗಿಯೊಂದನ್ನು ತೆಗೆದು ಮೇಜಿನ ಮೇಲೆ ಕುಕ್ಕಿದಳು. ಹೆಂಡದ ನಾತ ಕೋಣೆಯಿಡೀ ಹಬ್ಬಿತು. "ಒಗೆದಿಲ್ಲ. ಮೂಸಿ ನೋಡಿ. ಅಂಗಿ ಬಿಚ್ಚಿ ದಡದಲ್ಲಿಟ್ಟು ಇಳಿದಿದ್ರು. ಕುಡಿದಿದ್ದು ಅವರಾ, ಅಂಗಿಯಾ?"

"ಗಾಳಿ ತುಂಬಿದ್ದು ಯಾರು?" ಎಂದಳು ಇನ್ಸ್‌ಪೆಕ್ಟರ್.

"ನಮ್ಮ ಭಾವ. ಮನೇಲೇ ಕಂಪ್ರೆಸರ್ ಇಟ್ಕೊಂಡಿದಾರೆ. ನಿನ್ನೆಯಿಂದ ಮೂರು ಸಲ ಬಂದ್ರು, ಸಿಲಿಂಡರ್ ಕೊಡು, ತೊಳೆದಿಡ್ತೀನಿ ಅಂತ. ತಮ್ಮ ಸತ್ತ ಮಾರನೇ ದಿನ ಯಾರಾದ್ರೂ ಸಾಮಾನು ತೊಳೀತಾ ಕೂರ್ತಾರಾ ಮೇಡಂ?"

ಹನ್ನೆರಡನೇ ತಾರೀಖು ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಸಿಲಿಂಡರ್, ಅಂಗಿ ಎರಡಕ್ಕೂ ಅರಗಿನ ಮುದ್ರೆ ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು.

ಮಧ್ಯಾಹ್ನ ಎರಡಕ್ಕೆ ಪಂಚರ ಸಮಕ್ಷಮ ಅಣ್ಣನ ಮನೆ ಹಿಂದಿನ ಶೆಡ್ಡಿನ ಪಂಚನಾಮೆ. ಮನೆಯ ಹೊಸ್ತಿಲಲ್ಲಿ ಅಣ್ಣತಮ್ಮಂದಿರ ತಾಯಿ ಗೋಡೆಗೊರಗಿ ಕೂತಿದ್ದಳು. ಬಂದವರು ಯಾರೆಂದು ಕೇಳುವ ತ್ರಾಣವೂ ಅವಳಿಗೆ ಇದ್ದಂತಿರಲಿಲ್ಲ.

ಶೆಡ್ಡಿನೊಳಗೆ ಗೋಡೆಗೊರಗಿಸಿದ ಸಿಲಿಂಡರುಗಳು. ನಡುವೆ ಪೆಟ್ರೋಲ್ ಎಂಜಿನ್ನಿನ ಕಂಪ್ರೆಸರ್. ಅದು ಗಾಳಿ ಎಳೆಯುವ ಪೈಪು ಗೋಡೆ ತೂರಿ ಛಾವಣಿಯ ಮೇಲಕ್ಕೆ ಹೋಗಿತ್ತು. ಪೈಪಿನ ಮೈ ಮದುವೆಮನೆ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

"ಪೈಪು ಯಾವಾಗ ಹಾಕಿದ್ದು?"

"ಹೋದ ವರ್ಷ," ಎಂದ ಅಣ್ಣ.

ಇನ್ಸ್‌ಪೆಕ್ಟರ್ ಕಂಪ್ರೆಸರಿನ ತಲೆಯ ಮೇಲೆ ಬೆರಳಾಡಿಸಿದಳು. ಗೋಡೆ ಕೊರೆದ ಗಾರೆಯ ಪುಡಿ ಬೆರಳಿಗೆ ಮೆತ್ತಿತು. "ಹೋದ ವರ್ಷದ ಪುಡಿ ಇನ್ನೂ ಗುಡಿಸಿಲ್ವಾ? ಒಳ್ಳೆ ಸಂಸಾರ ಕಣಯ್ಯ."

ಅವಳ ಕಣ್ಣು ಬಾಗಿಲ ಮೇಲೆ ಬಿತ್ತು.

"ಬಾಗಿಲಿಗೆ ಹಳೇ ಹಾಸಿಗೆ ಯಾಕೆ ಮೊಳೆ ಹೊಡೆದು ಕೂರಿಸಿದೀಯ?"

"ಅದನ್ನ ನಿಮ್ಮೋರನ್ನೇ ಕೇಳಿ." ಅವನು ಮೀಸೆಯ ಕಡೆ ಗದ್ದ ತೋರಿಸಿದ. "ಮೊದಲು ಬಾಗಿಲು ತೆಗೆದು, ಗಾಳಿ ಎಳೆಯೋ ಪೈಪು ಅದರಿಂದ ಹೊರಗೆ ಬಿಟ್ಟೇ ತುಂಬ್ತಿದ್ದೆ. ಪಕ್ಕದ ಮನೆಯೋರು ಸದ್ದು ಅಂತ ದೂರು ಕೊಟ್ರು. ಇವರು ಬಂದು, ಬಾಗಿಲು ಹಾಕ್ಕೊಂಡು ಏನ್ ಬೇಕಾದ್ರೂ ಮಾಡ್ಕೋ, ಸದ್ದು ಮಾತ್ರ ಆಚೆ ಬರಬಾರ್ದು ಅಂದ್ರು."

ಇನ್ಸ್‌ಪೆಕ್ಟರ್ ತಿರುಗಿದಳು. ಮೀಸೆ ನೆಲ ನೋಡುತ್ತಿದ್ದ.

"ಹೇಳಿದ್ಯಾ?"

"ಸಣ್ಣ ಜಗಳ ಮೇಡಂ... ಅಲ್ಲೇ ಮುಗಿಸೋಣ ಅಂತ..."

ಅವಳ ಪಿತ್ತ ನೆತ್ತಿಗೇರಿತು. ಪಂಚರ ಎದುರು ಹಲ್ಲು ಕಚ್ಚಿ, "ಬರ್ಕೋ," ಎಂದಳು. "ಅವನು ಹೇಳಿದ್ದನ್ನ ಹೇಳಿದ ಹಾಗೇ ಬರ್ಕೋ. ನಿನ್ನ ಕೈಯಿಂದಲೇ."

ಹದಿನಾರರಂದು ವರದಿ ಬಂತು. ಸಿಲಿಂಡರಿನೊಳಗೆ ಕಾರ್ಬನ್ ಮೊನಾಕ್ಸೈಡ್. ಎಂಜಿನ್ ಉಗುಳುವ, ಬಣ್ಣ ವಾಸನೆ ಯಾವುದೂ ಇಲ್ಲದ ವಿಷ. ಮುಚ್ಚಿದ ಶೆಡ್ಡಿನಲ್ಲಿ ಕಂಪ್ರೆಸರ್ ತನ್ನ ಎಂಜಿನ್ನಿನ ಹೊಗೆಯನ್ನೇ ಎಳೆದು ಸಿಲಿಂಡರಿಗೆ ತುಂಬಿತ್ತು. ಸತ್ತವನ ರಕ್ತದಲ್ಲೂ ಅದೇ ವಿಷ. ಹೆಂಡ ಎಳ್ಳಷ್ಟೂ ಇರಲಿಲ್ಲ.

ಅಂದೇ ಸಂಜೆ ಅಣ್ಣನನ್ನು ಬಂಧಿಸಿ ತಂದರು.

"ನಿನ್ನ ತಮ್ಮ ಮೊದಲೇ ಏನಾದ್ರೂ ಹೇಳಿದ್ನಾ?"

"ತಲೆ ಸಿಡೀತಿದೆ ಅಂದಿದ್ದ. ಎರಡು ಸಲ. ಕೆಲಸಗಳ್ಳ ಅಂತ ಬೈದು ಇಳಿಸಿದೆ."

"ಪೈಪು?"

"ಅವನನ್ನ ಆಸ್ಪತ್ರೆಗೆ ಒಯ್ದ ಮೇಲೆ ಕೂರಿಸಿದೆ."

"ಸತ್ತ ತಮ್ಮನ ಅಂಗಿಗೆ ಹೆಂಡ ಸುರಿಯೋವಾಗ ಕೈ ನಡುಗಲಿಲ್ವೇನೋ?" ಅವಳ ದನಿಗೆ ಹೊರಗಿನ ಪಹರೆಯವನೂ ಇಣುಕಿದ. "ಅವನ ಹೆಂಡತಿ ಕುಡುಕನ ಹೆಂಡತಿ ಅನ್ನಿಸ್ಕೊಂಡು ಬಾಳಬೇಕಿತ್ತಾ?"

"ಅಮ್ಮ ಕೇಳ್ತಾಳಲ್ಲ ಮೇಡಂ, ಅವನಿಗೆ ಗಾಳಿ ತುಂಬಿಕೊಟ್ಟಿದ್ದು ಯಾರು ಅಂತ. ಕುಡಿದು ಸತ್ತ ಅಂದ್ರೆ ಯಾರೂ ಗಾಳಿ ಬಗ್ಗೆ ಕೇಳಲ್ಲ."

ಬೈಗುಳ ಅವಳ ಬಾಯಿಯವರೆಗೆ ಬಂದು ನಿಂತಿತು. ಬಾಗಿಲು ಮುಚ್ಚು ಎಂದ ಠಾಣೆಯ ಕುರ್ಚಿಯಲ್ಲಿ ಕೂತು ಇವನನ್ನೊಬ್ಬನನ್ನೇ ಬೈದು ಮುಗಿಸುವುದು ಹೇಗೆ?

ಮರುದಿನ ಬೆಳಿಗ್ಗೆ ಅವಳು ಮುಳುಗುಗಾರನ ಹೆಂಡತಿಯನ್ನು ಕರೆಸಿ ವರದಿಯ ಪ್ರತಿ ಕೊಟ್ಟಳು. "ಬಂದರಿನಲ್ಲಿ ಗಟ್ಟಿಯಾಗಿ ಓದಿಸಮ್ಮ." ಆಮೇಲೆ ಡ್ರಾಯರ್ ಎಳೆದು ಆ ಲಕೋಟೆ ಹೊರತೆಗೆದಳು. ಮನೆ ಹಿಂದಿನ ಆ ಕಂಪ್ರೆಸರನ್ನು ತಪಾಸಣೆ ಮಾಡಿ ಎಂದು, ಪಕ್ಕದ ಮನೆಯ ದೂರು ಬಂದಾಗಲೇ, ಆರು ತಿಂಗಳ ಹಿಂದೆ ಸುರಕ್ಷತಾ ಕಚೇರಿಗೆ ಅವಳೇ ಬರೆದು ಸಹಿ ಹಾಕಿದ್ದ ಪತ್ರ. ಇತ್ಯರ್ಥ ಆಯ್ತು ಮೇಡಂ ಎಂದು ಮೀಸೆ ಹೇಳಿದ್ದೇ ಸಾಕಾಗಿ, ಪತ್ರ ಸೂಜಿ ಚುಚ್ಚುವ ದಿಂಬಾಗಿ ಉಳಿದಿತ್ತು.

ಸಹಿಯ ಕೆಳಗೆ ಅವಳು ಬರೆದಳು: 'ಬಾಗಿಲು ಮುಚ್ಚಿ ತುಂಬಲು ಹೇಳಿದ್ದು ನಮ್ಮ ಠಾಣೆ. ಈ ಪತ್ರವನ್ನು ಕಳಿಸದೆ ಇಟ್ಟುಕೊಂಡವಳು ನಾನು. ಒಬ್ಬ ಸತ್ತಿದ್ದಾನೆ. ಇಂಥ ಶೆಡ್ಡುಗಳು ಬಂದರಿನ ಸುತ್ತ ಇನ್ನೂ ಇವೆ.'

"ಹೊಸದಾಗಿ ಟೈಪ್ ಮಾಡಿಸ್ಲಾ ಮೇಡಂ?" ಮೀಸೆ ಮೆಲ್ಲಗೆ ಕೇಳಿದ. "ತಾರೀಖು ಹಳೇದಿದೆ. ಇಬ್ಬರಿಗೂ ಕುತ್ತು."

"ಅದಕ್ಕೇ ಇರ್ಲಿ. ನೀನೇ ಹೋಗಿ ಹಾಕು."

ಅಂಚೆ ಕಚೇರಿ ರಸ್ತೆಯ ಆಚೆ ಬದಿಗೇ ಇತ್ತು. ಮೀಸೆ ರಸ್ತೆ ದಾಟಿ, ಸಾಲಿನಲ್ಲಿ ನಿಂತು, ಲಕೋಟೆಯನ್ನು ಕಿಂಡಿಯೊಳಗೆ ಕೊಡುವವರೆಗೂ ಅವಳು ಕಿಟಕಿ ಬಿಟ್ಟು ಅಲುಗಲಿಲ್ಲ.