ಜಲಪಾತದ ಹಿಂದಿನ ದಾರಿ

ಹುಸ್ನಿಯಾ ಬಂದು ಹಳೆಯ ದಾರಿ ತೋರಿಸು ಅಂದ ಕ್ಷಣವೇ ನನಗೆ ಅನುಮಾನ ಬಂತು.

ಅವಳು ಜಲಪಾತದ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ನಾನು ಸಪರ್, ರಿಂಜಾನಿ ಬೆಟ್ಟ ಹತ್ತಲು ಬರುವವರ ಮೂಟೆ ಹೊರುವವನು. ಬೆಟ್ಟ ಹತ್ತಲು ಕಾಲಲ್ಲಿ ಕಸುವಿಲ್ಲದವರಿಗೆ ಜಲಪಾತ ತೋರಿಸುವವನೂ ನಾನೇ. ಸ್ಕೂಲು ಅರ್ಧಕ್ಕೆ ಬಿಟ್ಟವನಿಗೆ ನಮ್ಮೂರಿನಲ್ಲಿ ಸಿಗುವುದು ಇದೇ ಕೆಲಸ. ಸಂಜೆ ಹೊತ್ತು ಅವಳ ಮನೆಯ ಜಗಲಿಗೆ ಹೋಗಿ ಕಾಫಿ ಕುಡಿಯುತ್ತಿದ್ದೆ. ಜೀಪ್ ಓಡಿಸುವ ಜೈಲಾನಿಯೂ ಅದೇ ಜಗಲಿಗೆ ಬರುತ್ತಿದ್ದ. ನಮ್ಮಲ್ಲಿ ಮದುವೆಯ ವಯಸ್ಸಿಗೆ ಬಂದ ಹುಡುಗಿಯ ಮನೆಗೆ ಯಾವ ಹುಡುಗ ಬೇಕಾದರೂ ಬಂದು ಕೂರಬಹುದು, ಬೇಡ ಅನ್ನುವಂತಿಲ್ಲ. ಅವನ ಕಾಫಿಗೆ ಅವಳು ಸಕ್ಕರೆ ಹೆಚ್ಚು ಹಾಕುತ್ತಾಳೆ ಎಂದು ನನಗೆ ಖಾತ್ರಿಯಿತ್ತು. ಅವನ ಲೋಟ ಕಸಿದು ಕುಡಿದು ನೋಡುವುದೊಂದೇ ಬಾಕಿ.

ಹಳೆಯ ದಾರಿ ಯಾಕೆ ಬೇಕು ಎಂದು ಕೇಳಿದೆ.

"ನನ್ನ ಗೆಳತಿಯನ್ನ ಒಬ್ರು ಕದಿಯೋರಿದಾರೆ," ಅಂದಳು, ಟಿಕೆಟ್ ಹರಿಯುವಷ್ಟು ಸಲೀಸಾಗಿ. "ದೊಡ್ಡ ರಸ್ತೇಲಿ ಅವಳ ಅಣ್ಣಂದಿರು ಕಾಯ್ತಾರೆ. ಈ ಕಡೆಯಿಂದ ಆಗುತ್ತಾ ಅಂತ ನೋಡ್ಬೇಕು."

ನಮ್ಮಲ್ಲಿ ಹೆಣ್ಣು ಕೇಳುವುದಿಲ್ಲ, ಕದಿಯುತ್ತೇವೆ. ನಿಮ್ಮ ಮಗಳನ್ನು ಕೊಡಿ ಎಂದು ಅಪ್ಪನ ಮುಂದೆ ನಿಂತರೆ ಅವನ ಮರ್ಯಾದೆ ತೆಗೆದಂತೆ. ಹುಡುಗಿ ತಾನೇ ಒಪ್ಪಿ, ಹೊತ್ತು ಮುಳುಗುವಾಗ ಹುಡುಗನ ಜೊತೆ ಊರಗಡಿ ದಾಟಿ, ಅವನ ನೆಂಟರ ಮನೆಯಲ್ಲಿ ಅಡಗಬೇಕು. ಆಮೇಲೆ ಊರಿಗೆ ಸುದ್ದಿ, ಆಮೇಲೆ ಮದುವೆ.

ಗೆಳತಿಯಂತೆ! ಕಟ್ಟುಮಸ್ತಾದ ಅಣ್ಣಂದಿರು ಇರುವುದು ಇವಳಿಗೇ. ಜೈಲಾನಿಗಾಗಿ ಇವಳು ಓಡಬೇಕು, ದಾರಿ ತೋರಿಸಲು ನಾನು ಬೇಕು. ಮೈಯೆಲ್ಲ ಉರಿಯಿತು. ಆದರೂ ಹೊರಟೆ. ಎಲ್ಲಿಗೆ ಹೋಗಿ ಯಾರನ್ನು ಸೇರುತ್ತಾಳೆಂದು ಕಣ್ಣಾರೆ ನೋಡಿಬಿಡೋಣ ಅನ್ನಿಸಿತು.

ಕೌಂಟರ್ ಮುಚ್ಚಿದ ಮೇಲೆ ಮೆಟ್ಟಿಲಿಳಿದೆವು. ಜಲಪಾತದ ಹನಿ ಮುಖಕ್ಕೆ ರಾಚುತ್ತಿತ್ತು. ಅವಳು ಎಂದಿನಂತಿರಲಿಲ್ಲ. ನಿನ್ನೆ ಕಡ್ಡಿಯಂತಿದ್ದವಳು ಇವತ್ತು ದಪ್ಪಗೆ ಕಾಣುತ್ತಿದ್ದಳು, ತಂಪಿನಲ್ಲೂ ಬೆವರುತ್ತಿದ್ದಳು. ನಾನು ದಿಟ್ಟಿಸಿದರೆ ತಲೆವಸ್ತ್ರದ ಅಂಚು ಎಳೆದು ಮುಖ ತಿರುಗಿಸುತ್ತಿದ್ದಳು. ತಿರುಗಿಸಿದ ಮೇಲೂ ಕೆನ್ನೆಯಲ್ಲಿ ಒಂದು ಗುಳಿ ಉಳಿದಿರುತ್ತಿತ್ತು. ನನ್ನನ್ನು ನೋಡಿಯೇ ನಗುತ್ತಿದ್ದಾಳೆ ಅನ್ನಿಸಿತು.

ಜಲಪಾತದ ಹಿಂದೆ ಗುಡ್ಡ ಕೊರೆದ ಹಳೆಯ ನೀರಾವರಿ ಸುರಂಗವಿದೆ. ಮೊಣಕಾಲು ಮಟ್ಟ ನೀರು, ಒಳಗೆ ಕತ್ತಲು. ಅವಳು ನನ್ನ ಅಂಗಿಯ ತುದಿ ಹಿಡಿದುಕೊಂಡಳು. ಎರಡೇ ಬೆರಳಿನಲ್ಲಿ. ಆ ಎರಡು ಬೆರಳಿನ ಭಾರಕ್ಕೆ ನನ್ನ ಸಿಟ್ಟೆಲ್ಲ ವಾಲಿತು. ಮರುಗಳಿಗೆಯೇ ಅವಳು ನಾಳೆ ಹಿಡಿಯಲಿರುವ ಜೈಲಾನಿಯ ಅಂಗಿ ನೆನಪಾಗಿ ನೆಟ್ಟಗಾಯಿತು.

"ಇಲ್ಲಿ ಹಾವು ಇರುತ್ತಾ?" ಹಿಂದಿನಿಂದ ಕೇಳಿದಳು.

"ಕದಿಯೋನನ್ನ ಕೇಳು."

"ಅವನಿಗೆ ಗೊತ್ತಿರುತ್ತೆ ಅಂತಾನೇ ಬಂದಿದೀನಿ."

"ಅವನ ಜೀಪು ಈ ತೂತಲ್ಲಿ ನುಗ್ಗಲ್ಲ ಬಿಡು."

"ಯಾರ ಜೀಪು?" ಅಂದಳು. ಸುರಂಗದ ತುಂಬ ಅವಳ ನಗು ಓಡಾಡಿತು.

ಆಚೆ ಬಂದರೆ ಬೂದಿಗುಡ್ಡ. ಯಾವ ಕಾಲದಲ್ಲೋ ಬೆಟ್ಟ ಉಗುಳಿದ ಹಗುರ ಕಲ್ಲುಗಳು ಕಾಲಿಟ್ಟಲ್ಲೆಲ್ಲ ಕರಕರ ಎನ್ನುತ್ತವೆ. ಗಾಳಿ ಈ ಕಡೆ ತಿರುಗಿದಾಗ ಗಂಧಕದ ವಾಸನೆ. ಅವಳು ಒಂದಾದ ಮೇಲೊಂದು ವಿಚಾರಿಸುತ್ತಲೇ ಬಂದಳು. ಗುಡ್ಡದಾಚೆಯ ಊರಿನ ನಾಯಿಗಳು ಕಚ್ಚುತ್ತವೆಯೇ, ಅಲ್ಲಿಯ ಹೆಂಗಸರು ಒಳ್ಳೆಯವರೇ. ನಾನೋ ಪ್ರತಿ ಬಂಡೆಯ ಹಿಂದೆ ಜೈಲಾನಿಯನ್ನು ಹುಡುಕುತ್ತಿದ್ದೆ. ಒಂದು ಕಡೆ ಕರಿ ಕೋತಿಯೊಂದು ಎದ್ದು ನಿಂತಿತು. ಅವನೇ ಎಂದು ಕಲ್ಲು ಕೈಗೆತ್ತಿಕೊಂಡಿದ್ದೆ.

ಕಪ್ಪು ಮರಳಿನ ಹಳ್ಳ ಬಂತು. ನಮ್ಮೂರಿನ ಗಡಿ ಅಲ್ಲಿಗೆ ಮುಗಿಯುತ್ತದೆ. ಹೊತ್ತು ಇಳಿಯುತ್ತಿತ್ತು. ಕತ್ತಲಾಗುವ ಮೊದಲು ಸುರಂಗ ದಾಟಬೇಕು, ನಡಿ ವಾಪಸ್ಸು ಎಂದೆ. ಅವಳು ಬಂಡೆಯ ಮೇಲೆ ಕೂತಳು.

"ಆಚೆ ಯಾರು ಕಾಯ್ತಿದಾನೆ?" ಕೊನೆಗೂ ಕೇಳಿಬಿಟ್ಟೆ.

"ಯಾರೂ ಇಲ್ಲ."

"ಸುಳ್ಳು ಹೇಳ್ಬೇಡ."

"ಸಪರ್," ಅಂದಳು ಮೆಲ್ಲಗೆ, "ಆ ಊರಲ್ಲಿ ನಿನ್ನ ಚಿಕ್ಕಮ್ಮನ ಮನೆ ಇಲ್ವಾ?"

ಇದೆ. ನಮ್ಮ ಚಿಕ್ಕಮ್ಮನಿಗೂ ಜೈಲಾನಿಗೂ ಏನು ನೆಂಟಸ್ತಿಕೆ ಎಂದು ಒಂದು ಗಳಿಗೆ ನಿಜವಾಗಿಯೂ ಯೋಚಿಸಿದೆ. ಯೋಚಿಸಿದ್ದನ್ನು ಬಾಯಿಬಿಟ್ಟು ಕೇಳಿಯೂ ಬಿಟ್ಟೆ.

ಅವಳು ಹಣೆ ಚಚ್ಚಿಕೊಂಡಳು. ಆಮೇಲೆ ಅಂಗಿಯ ತೋಳು ಮೇಲಕ್ಕೆಳೆದು ತೋರಿಸಿದಳು. ಅಂಗಿಯ ಕೆಳಗೆ ಅಂಗಿ, ಅದರ ಕೆಳಗೆ ಇನ್ನೊಂದು. ಚೀಲ ಹಿಡಿದು ಹೊರಟರೆ ಅಣ್ಣಂದಿರಿಗೆ ಗೊತ್ತಾಗುತ್ತದೆಂದು ಬಟ್ಟೆಯನ್ನೆಲ್ಲ ಮೈಮೇಲೇ ಹೊತ್ತು ತಂದಿದ್ದಳು.

ಜೈಲಾನಿ ಅವಳ ಅಣ್ಣಂದಿರನ್ನು ತನ್ನ ಕಡೆಗೆ ಹಾಕಿಕೊಂಡಿದ್ದನಂತೆ. ಶುಕ್ರವಾರ ಅವನು ಜೀಪು ತರುವುದು, ಇವರು ಕಂಡೂ ಕಾಣದಂತೆ ಇರುವುದು, ಇವಳು ಅತ್ತರೂ ಕೂಗಿದರೂ ಅವನದೇ ಕಳವು ಎಂದು ಊರು ಒಪ್ಪುವುದು. ಅವರ ಈ ಒಪ್ಪಂದ ಅಡುಗೆಮನೆಯಲ್ಲಿದ್ದವಳ ಕಿವಿಗೆ ಬಿದ್ದಿತ್ತು. ನನ್ನ ಕೈಯಲ್ಲಿ ಇನ್ನೂ ಕಲ್ಲಿತ್ತು.

"ನಂಗೆ ಮೊದ್ಲೇ ಹೇಳೋಕೇನಾಗಿತ್ತು?"

"ನಿಂಗೆ ಹೇಳಿದ್ರೆ ನಿನ್ನ ಮುಖಾನೇ ಊರಿಗೆಲ್ಲ ಡಂಗುರ ಹೊಡೀತಿತ್ತು. ಸಂಜೆಯೊಳಗೆ ಅವನ ಜೀಪಿನ ಗಾಜು ಒಡೆದಿರ್ತಿದ್ದೆ." ಕಣ್ಣೊರೆಸಿಕೊಂಡಳು. "ಬೇಡ ಅಂದ್ರೆ ಈಗ್ಲೇ ಹೇಳು. ಹಳ್ಳ ದಾಟಿಲ್ಲ ಇನ್ನೂ. ನೀನು ಹೂಂ ಅನ್ನದೆ ನಾನು ಹೆಜ್ಜೆ ಇಡಲ್ಲ."

ನನಗೆ ಚಂದದ ಮಾತು ಬರುವುದಿಲ್ಲ. ಓದಿಲ್ಲ, ಸಿಟ್ಟು ಬಂದರೆ ಹಿಡಿಯೋಕಾಗಲ್ಲ, ನೋಡಿಕೋ ಎಂದೆ.

"ಸಿಟ್ಟು ಗೊತ್ತಿರೋದೇ. ಜಗಲೀಲಿ ಕೂತು ನನ್ನ ಮುಖ ನೋಡೋ ಬದ್ಲು ಅವನ ಲೋಟ ನೋಡ್ತಿದ್ದೆ. ಅವನಿಗೆ ಸಕ್ಕರೆ ಕಾಯಿಲೆ ಕಣೋ, ಒಂದು ಕಾಳೂ ಹಾಕ್ತಿರ್ಲಿಲ್ಲ."

ಕಲ್ಲು ಬಿಸಾಕಿ ಕೈ ಚಾಚಿದೆ. ಈ ಸಲ ಎರಡು ಬೆರಳಲ್ಲ, ಇಡೀ ಕೈ ಕೊಟ್ಟಳು. ಹಳ್ಳದ ನೀರು ಬೆಚ್ಚಗಿತ್ತು. ನಡುವೆ ಬಂದಾಗ ಆಚೆ ಊರಿನ ಮಸೀದಿಯಿಂದ ಸಂಜೆಯ ಬಾಂಗು ಕೇಳಿಸಿತು. ಇಬ್ಬರೂ ಒಮ್ಮೆ ನಿಂತು, ಮತ್ತೆ ನಡೆದೆವು.

ಚಿಕ್ಕಮ್ಮ ಬಾಗಿಲು ತೆಗೆದು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಪದ್ಧತಿಯಂತೆ ಕೇಳಬೇಕಾದ್ದನ್ನು ಹುಡುಗಿಯನ್ನೇ ಕೇಳಿದಳು.

"ಒಪ್ಪಿ ಬಂದ್ಯೇನಮ್ಮಾ, ಇಲ್ಲ ಇವನು ಬಲವಂತ ಮಾಡಿದ್ನಾ?"

"ಬಲವಂತ ಮಾಡಿದ್ದು ನಾನು, ಚಿಕ್ಕಮ್ಮ."

ಚಿಕ್ಕಮ್ಮ ಅವಳನ್ನು ಒಳಗೆ ಕರೆದುಕೊಂಡು ನನ್ನ ಮುಖಕ್ಕೆ ಬಾಗಿಲು ಹಾಕಿದಳು. ಮದುವೆಯಾಗುವವರೆಗೆ ನನಗೆ ಹೊರಗೇ ಜಾಗ. ಬಿದಿರಿನ ಗೋಡೆಗೆ ಒರಗಿ ಕೂತೆ. ಒಳಗೆ ಪಿಸುಪಿಸು ಮಾತು, ಆಮೇಲೆ ಇಬ್ಬರ ನಗು. ನನ್ನ ಬಗ್ಗೆಯೇ ಏನೋ ಹೇಳುತ್ತಿದ್ದಾಳೆ, ಅನುಮಾನವೇ ಇಲ್ಲ.

"ಏನಂತೆ ಅದು?" ಎಂದು ಗೋಡೆಗೆ ಕೇಳಿದೆ.

ಬಿದಿರಿನ ಸಂದಿಯ ಹತ್ತಿರವೇ ಅವಳ ಉಸಿರು ಕೇಳಿಸಿತು.

"ಹೇಳಲ್ಲ. ಇದನ್ನೇ ಯೋಚನೆ ಮಾಡ್ತಾ ಇರು, ನಿಂಗೆ ನಿದ್ದೆ ಬರಬಾರ್ದು."