ರುಕಿಯಮ್ಮನ ಮೀಟರಿನಲ್ಲಿ ಓಡಿದ ನೀರು

ಕಾಪುವಿನ ರುಕಿಯಮ್ಮನ ಮನೆಯ ನಲ್ಲಿಯಲ್ಲಿ ಹನ್ನೆರಡು ದಿನಗಳಿಂದ ಹನಿ ನೀರಿಲ್ಲ. ಆದರೂ ಬಿಲ್ಲಿನಲ್ಲಿ ನಲವತ್ತು ಸಾವಿರ ಲೀಟರ್! ಮನೆಯಲ್ಲಿ ಇರುವುದು ಅವರೊಬ್ಬರೇ.

“ಎಲ್ಲ ಆ ಜಿತೇಶನದ್ದು,” ಎಂದರು ರುಕಿಯಮ್ಮ. “ಮೀಟರ್ ನೋಡುವುದೇ ಇಲ್ಲ. ಬಾಯಿಗೆ ಬಂದದ್ದು ಬರೆಯುತ್ತಾನೆ.”

ಮೀಟರ್ ರೀಡರ್ ಜಿತೇಶ್ ಗೇಟಿನ ಬಳಿ ತಲೆತಗ್ಗಿಸಿ ನಿಂತಿದ್ದ. ದೂರು ನಿಜವಾದರೆ ಅವನ ಕೆಲಸ ಹೋಗುತ್ತಿತ್ತು.

ನೀರು ಸರಬರಾಜಿನ ಎಂಜಿನಿಯರ್ ಜೋಸ್ಲಿನ್ ಮೀಟರಿನ ಮುಚ್ಚಳ ತೆರೆದಳು. ಜಿತೇಶ್ ಬರೆದ ಅಂಕಿ ಸರಿಯಾಗಿಯೇ ಇತ್ತು. ಮನೆಯ ನಲ್ಲಿಗಳೆಲ್ಲ ಮುಚ್ಚಿದ್ದವು. ಮುಳ್ಳು ಮಾತ್ರ ಗಿರಗಿರನೆ ತಿರುಗುತ್ತಿತ್ತು.

ಪೈಪ್ ಒಡೆದಿರಬಹುದೇ? ಅಂಗಳವಿಡೀ ಸುತ್ತಿದಳು. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು.

“ಅಡುಗೆಗೆ ಎಂತ ಮಾಡ್ತೀರಿ?” ಜೋಸ್ಲಿನ್ ಕೇಳಿದಳು.

“ಪಕ್ಕದ ಹೋಂಸ್ಟೇಯ ತಾರಾನಾಥ ಎರಡು ಕೊಡ ಕೊಡ್ತಾರೆ. ಅವರ ಬಾವಿಯದ್ದು. ಪಾಪ, ಒಳ್ಳೆ ಜನ.”

ಜೋಸ್ಲಿನ್ ಕೊಡದ ಬಳಿ ಬಗ್ಗಿ ಮೂಸಿ ನೋಡಿದಳು. ನೇರ ಮೀಟರಿನ ಬಳಿಗೆ ಹೋದಳು.

* * *

ಗೋಡೆಯಾಚೆ ತಾರಾನಾಥ ಅತಿಥಿಗಳ ಕಾರು ತೊಳೆಯುತ್ತಿದ್ದ. ಜೋಸ್ಲಿನ್ ಈಚೆ ಗೋಡೆಯ ಪಕ್ಕದಲ್ಲೇ ಇದ್ದ ಮೀಟರಿನ ವಾಲ್ವ್ ತಿರುಗಿಸಿ ಮುಚ್ಚಿದಳು. ನೀರು ನಿಂತು ಅವನ ಕೈಯ ಪೈಪ್ ಜೋತುಬಿತ್ತು. ವಾಲ್ವ್ ತೆರೆದಳು. ನೀರು ಚಿಮ್ಮಿತು. ಮತ್ತೆ ಮುಚ್ಚಿದಳು. ಮತ್ತೆ ನಿಂತಿತು.

“ಕರೆಂಟ್ ಹೋಯ್ತು ಮಾರಾಯ!” ತಾರಾನಾಥ ಗೊಣಗಿದ.

“ಕರೆಂಟ್ ಉಂಟು,” ಗೋಡೆಯ ಮೇಲಿಂದ ಜೋಸ್ಲಿನ್ ಹೇಳಿದಳು. “ನಿಮ್ಮ ಪಂಪ್ ಓಡ್ತಾ ಉಂಟಲ್ವಾ? ನೀರು ಮಾತ್ರ ರುಕಿಯಮ್ಮನದ್ದು.”

ಗೋಡೆಯ ಬುಡ ಅಗೆದಾಗ ಮೀಟರ್ ದಾಟಿದ ಮೇಲೆ ಕವಲೊಡೆದು ತಾರಾನಾಥನ ಪಂಪಿಗೆ ಹೋಗುವ ಪೈಪ್ ಕಂಡಿತು.

“ಬಾವಿ ಉಪ್ಪಾಯ್ತು ಮೇಡಂ,” ತಾರಾನಾಥನ ಸ್ವರ ಕುಗ್ಗಿತು. “ಗೆಸ್ಟ್‌ಗಳು ನಿಲ್ಲುವುದೇ ಇಲ್ಲ...”

* * *

ಕವಲು ಪೈಪ್ ಕತ್ತರಿಸಿ ಮುಚ್ಚಿದ ಮೇಲೆ ನಲ್ಲಿಯಲ್ಲಿ ನೀರು ಸುರಿಯಿತು. “ಗೊತ್ತಾದದ್ದು ಹೇಗೆ?” ರುಕಿಯಮ್ಮ ಕೇಳಿದರು.

“ಕೊಡದ ನೀರಿಗೆ ಕ್ಲೋರಿನ್ ವಾಸನೆ. ಬಾವಿಯ ನೀರಿಗೆ ಅದು ಎಲ್ಲಿಂದ ಬರಬೇಕು? ಮೀಟರ್ ಓಡ್ತದೆ, ಅಂಗಳ ಒಣಗಿದೆ ಅಂದರೆ ಮೀಟರ್ ದಾಟಿದ ನೀರನ್ನು ಯಾರೋ ಎಳೀತಾರೆ. ಅವರ ಪಂಪಿನ ಎದುರು ನಿಮ್ಮ ನಲ್ಲಿಗೆ ಎಂತ ಉಳೀತದೆ? ಈ ಬಿಲ್ಲು, ದಂಡ ಎರಡೂ ಅವರಿಗೇ.”

ಜಿತೇಶ್ ಮೆಲ್ಲಗೆ ಬಾಯಿಬಿಟ್ಟ. “ನಿಮ್ಮನ್ನು ಕಂಡು ಪಾಪ ಅನಿಸಿತ್ತು ಅಮ್ಮ. ಕಡಿಮೆ ಬರೆಯುವ ಅಂತ ಇದ್ದೆ. ಮನಸ್ಸು ಒಪ್ಪಲಿಲ್ಲ.”

“ಕಡಿಮೆ ಬರೆದಿದ್ದರೆ ನಾನು ಇಲ್ಲಿಗೆ ಬರುತ್ತಲೇ ಇರಲಿಲ್ಲ,” ಎಂದಳು ಜೋಸ್ಲಿನ್.

ರುಕಿಯಮ್ಮನ ಕಣ್ಣು ತುಂಬಿತು. ಅವನ ಎರಡೂ ಕೈ ಹಿಡಿದುಕೊಂಡರು. “ಬೈದದ್ದು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಮಗಾ. ನಿನ್ನಿಂದಲೇ ನೀರು ಬಂತು.”

ಆಮೇಲೆ ಬಾಗಿಲು ಪೂರ್ತಿ ತೆರೆದು ಇಬ್ಬರನ್ನೂ ಊಟಕ್ಕೆ ಒಳಗೆ ಕರೆದರು.