ಅಮ್ಮನ ಕೈಗೆ ಮೀರಿದ ಗುಂಡು

ಮಂಗಳವಾರ ಮಧ್ಯಾಹ್ನ 3.40. ಗಡಿಯಾರ ರಿಪೇರಿಯವನು ಠಾಣೆಯ ಬೆಂಚಿನ ಮೇಲೆ ಕುಸಿದು ಕುಳಿತ.

"ಕೆಳಮನೆ ಟೈಪಿಸ್ಟಮ್ಮ ಗುಂಡು ಹಾರಿಸಿದ್ರು ಸಾರ್. ಮೇಲೆ ನೆಲ ಒರೆಸ್ತಿದ್ದ ನನ್ನ ಹೆಂಡ್ತಿ ಹೋಗ್ಬಿಟ್ಲು."

ಎಫ್‌ಐಆರ್ ದಾಖಲಾಯಿತು. 4.25ಕ್ಕೆ ಇನ್ಸ್‌ಪೆಕ್ಟರ್ ಕೆಳಮನೆಯಲ್ಲಿ ಪಂಚನಾಮೆ ಆರಂಭಿಸಿದರು. ಹಿಂಬಾಗಿಲನ್ನು ಯಾರೋ ಮೀಟಿದ ಗುರುತು ಹೊಸದಾಗಿತ್ತು. ಒಂದು ಗುಂಡು ಬಾಗಿಲ ಚೌಕಟ್ಟಿನಲ್ಲಿ ನೆಟ್ಟಿತ್ತು, ಇನ್ನೊಂದು ಮರದ ಮಾಳಿಗೆಯನ್ನು ತೂರಿ ಮೇಲೆ ಹೋಗಿತ್ತು. ರಿವಾಲ್ವರಿಗೆ ಪರವಾನಗಿ ಇತ್ತು. ನಿವೃತ್ತ ಟೈಪಿಸ್ಟ್, ಎಪ್ಪತ್ತರ ಹೆಂಗಸು, ಊದಿದ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

"ಎರಡು ಸಲ ಯಾಕೆ ಹೊಡೆದ್ರಿ?"

"ಬಾಗಿಲು ಮೀಟಿದ ಕಳ್ಳನ್ನ ಹೆದರಿಸೋಕೆ ಒಂದೇ ಸಲ ಅಂದ್ಕೊಂಡಿದ್ದೆ. ಕತ್ತೆ ಒದ್ದಂಗೆ ಒದೀತು. ಕೈ ಮೇಲಕ್ಕೆ ಹಾರ್ತು, ಬೆರಳು ಬಿಗಿದ್ಬಿಡ್ತು. ಅವಳು ನನ್ನ ಗೆಳತಿ ಸಾರ್. ನನ್ನ ಕರ್ಕೊಂಡು ಹೋಗಿ."

ಅವರ ಮಗ, ಲಿಫ್ಟ್ ಮೆಕ್ಯಾನಿಕ್, ಗೋಡೆ ನೋಡುತ್ತಾ ಹೇಳಿದ: "ಅಮ್ಮಂಗೆ ವಯಸ್ಸಾಯ್ತು. ಕೈ ನಡುಗುತ್ತೆ."

ಇನ್ಸ್‌ಪೆಕ್ಟರಿಗೆ ಆ ಮಾತು ಯಾಕೋ ಸರಿಬರಲಿಲ್ಲ.

ಬುಧವಾರ 10.15ಕ್ಕೆ, ಟೈಪಿಸ್ಟ್ ಹೋಗುತ್ತಿದ್ದ ಗುರಿ ಅಭ್ಯಾಸದ ಕೇಂದ್ರದಲ್ಲಿ ತರಬೇತುದಾರ ಆಕೆಯ ಹಳೆಯ ಗುರಿಹಾಳೆಗಳನ್ನು ಹರಡಿದ. ತೂತುಗಳೆಲ್ಲ ಅಂಗೈಯಗಲದೊಳಗೇ ಇದ್ದವು.

"ಎರಡು ವರ್ಷದಿಂದ ಹಗುರದ ಕಾಡತೂಸೇ ಸಾರ್. ಅದೇ ರಿವಾಲ್ವರಿಗೆ ಜೋರಿನದೂ ಕೂರುತ್ತೆ. ಅದನ್ನ ಒಮ್ಮೆ ಹೊಡೆದು ನೋಡಿದ್ಮೇಲೆ ಮಣಿಕಟ್ಟು ತಡೆಯಲ್ಲ ಅಂತ ಅವರೇ ಬಿಟ್ರು."

"ನಮಗಿಂತ ಚೆನ್ನಾಗಿ ಹೊಡೆದು ನಮ್ಮ ಮಾನ ಕಳೆದ್ರಲ್ಲ ಸಾರ್ ಈಯಮ್ಮ," ಎಂದ ಜೊತೆಗೆ ಬಂದಿದ್ದ ಪೇದೆ.

ರಿವಾಲ್ವರಿನಿಂದ ತೆಗೆದ ಖಾಲಿ ಕಾಡತೂಸು ಅಭ್ಯಾಸದ ಕಾಡತೂಸಿಗಿಂತ ಅರ್ಧ ಅಕ್ಕಿಕಾಳಿನಷ್ಟು ಉದ್ದವಿತ್ತು. ಬಂದೂಕಿನ ಅಂಗಡಿಯ ರಿಜಿಸ್ಟರ್ ತರಿಸಿದರು. ಹೋದ ತಿಂಗಳ ಹದಿನೆಂಟರಂದು ತಾಯಿಯ ಪರವಾನಗಿ ತೋರಿಸಿ ಜೋರಿನ ಪೆಟ್ಟಿಗೆ ಒಯ್ದವರ ಸಹಿ ಮಗನದು.

ಸಂಜೆ ಐದಕ್ಕೆ ತಾಯಿ, ಮಗ ಇಬ್ಬರೂ ಠಾಣೆಯಲ್ಲಿದ್ದರು. ಇನ್ಸ್‌ಪೆಕ್ಟರ್ ಎರಡು ಖಾಲಿ ಕಾಡತೂಸುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿದರು.

"ಉದ್ದದ್ದು ನನ್ನದಲ್ಲ," ಎಂದರು ತಾಯಿ.

"ಮತ್ತೆ ಯಾರದು?"

ಮಗ ಅತ್ತುಬಿಟ್ಟ. "ನಾನೇ ಬದಲಾಯಿಸ್ದೆ. ಹಗುರದ್ದಕ್ಕೆ ಕಳ್ಳ ನಿಲ್ಲಲ್ಲ ಅಂದ್ರು ಅಂಗಡಿಯವರು. ವಾರಕ್ಕೆ ನಾಲ್ಕು ದಿನ ನಾನು ಮನೇಲಿರಲ್ಲ. ಅಮ್ಮಂಗೆ ಹೇಳಿದ್ರೆ ಬೇಡ ಅಂತಿದ್ರು."

"ನಿನ್ನೆ ಯಾಕೆ ಬಾಯಿ ಬಿಡ್ಲಿಲ್ಲ?"

"ಹೆದರಿಕೆ ಆಯ್ತು."

5.40ಕ್ಕೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪದ ಮೇಲೆ ಮಗನನ್ನು ಬಂಧಿಸಲಾಯಿತು. ಕಾಡತೂಸು ಬದಲಾಯಿಸಿದ್ದು ತಾಯಿಯ ಮೇಲಿನ ಪ್ರೀತಿಯಿಂದಲೇ. ಆದರೆ ಒಂದು ಹಗಲು, ಒಂದು ರಾತ್ರಿ ಆ ತಾಯಿ ತನ್ನನ್ನೇ ಕೊಲೆಗಾತಿಯೆಂದು ನಂಬಿಕೊಂಡಿರಲು ಬಿಟ್ಟಿದ್ದನಲ್ಲ, ಅದು ಇನ್ಸ್‌ಪೆಕ್ಟರಿಗೆ ನುಂಗಲಾರದ ತುತ್ತಾಯಿತು.

ತಾಯಿ ಊದಿದ ಕೈಯಿಂದಲೇ ಅವನ ಕಣ್ಣೊರೆಸಿದರು.

"ನನ್ನ ಕೈ ಎಷ್ಟು ತಡೆಯುತ್ತೆ ಅಂತ ನನ್ನ ಒಂದ್ ಮಾತು ಕೇಳ್ಬಾರದಿತ್ತೇನೋ? ಗಡಿಯಾರದವರು ಹೊರಗೆ ಕೂತಿದ್ದಾರೆ. ಹೋಗು, ಅವರಿಗೆ ನೀನೇ ಹೇಳು."

ಇನ್ಸ್‌ಪೆಕ್ಟರ್ ಎದ್ದು ಬಾಗಿಲು ತೆರೆದರು.